ಕಬ್ಬಿನ ಬಿಲ್ಲ ಬಂದಾಗ

ತಮ್ಮಾ, ಕಬ್ಬಿನ ಬಿಲ್ಲ ಜಮಾ ಆಗೈತಂತ ವೈನಿ ಹೇಳಿದ್ರು. ನೀ ಬುಲೆಟ್ ನೋಡಾಕ ಅಥಣಿಗೆ ಹೋಗಿದ್ದಿ ಅಂತ ಓಣಿ ಮಂದಿ ಹೇಳಿದ್ರು. ಬ್ಯಾಡ ಅನ್ನೂದಿಲ್ಲ. ರೊಕ್ಕ ಕಟ್ಟೂಕಿಂತ ಮೊದಲ ಈ ಕಾಕಾನ ಮಾತ ಒಂದೀಟ ಕೇಳು.

ಕಬ್ಬಿನ ರೊಕ್ಕ ವರ್ಷಕ್ಕೊಮ್ಮೆ ಗಂಟಾಗಿ ಬರತೈತಿ, ಖರ್ಚ ದಿನಾ ಬರತೈತಿ. ಕಬ್ಬ ಫ್ಯಾಕ್ಟರಿಗೆ ಮುಟ್ಟಿದ 14 ದಿನದಾಗ ಬಿಲ್ಲ ಕೊಡಬೇಕಂತ ಸರಕಾರದ 1966ರ ಆದೇಶ ಐತಿ. ಆದೇಶ ಅದರ ಪಾಡಿಗೆ ಐತಿ, ನಾವು ಕಾಯೂದೂ ಐತಿ! ಅದಕ್ಕ ಮೊದಲ ಸೊಸೈಟಿ ಸಾಲ ಮುಟ್ಟಸು, ಗೊಬ್ಬರದ ಅಂಗಡಿ ಉದ್ರಿ ತೀರಸು, ಕುಳೆ ಕಬ್ಬಿನ ಖರ್ಚ ತಗದಿಡು. ಉಳದದ್ದನ್ನ 12 ಪಾಲ ಮಾಡು.

ಹಂಗಂತ ನಿಮ್ಮಜ್ಜನಂಗೂ ಆಗಬ್ಯಾಡ. ಅಂವ 1972ರ ಬರ ಕಂಡಾಂವ. ಬರಗಾಲದ ಕೆಲಸಕ್ಕ ಹೋಗಿ ಕಲ್ಲ ಒಡದಾಂವ, ಕೆಂಪ ಜ್ವಾಳದ ರೊಟ್ಟಿ ತಿಂದಾಂವ. ಮುಂದ ಹೊಳಿಗೆ ಪಂಪ್ ಕುಂತು ಹೊಲ ಹಸರಾದ್ರೂ ಅವನ ಹೊಟ್ಟ್ಯಾಗಿನ ಬರ ಹೋಗಲಿಲ್ಲ. ಬಂದದ್ದೆಲ್ಲಾ ಟ್ರಂಕಿನಾಗ. ನಮ್ಮವ್ವ ಎರಡ ಮಳಿಗಾಲ ಕೆಮ್ಮಿದ್ಲು. ಮಿರಜ ದವಾಖಾನಿಗೆ ಕರಕೊಂಡ ಹೋಗೂಣು ಅಂದ್ರ, ಕಸಾಯ ಕುಡೀಲಿ ಅಂದ. ಹೋಗೂದ್ರಾಗ ಹೊತ್ತ ಮೀರಿತ್ತು. ಕಷ್ಟ ಮನಶ್ಯಾನ್ನ ಗಟ್ಟಿ ಮಾಡತೈತಿ ಅಂತಾರಲ್ಲ, ನಾ ಪೂರ್ತಿ ಒಪ್ಪೂದಿಲ್ಲ. ಕೆಲವರನ್ನ ಅಂಜಬುರಕರನ್ನ ಮಾಡಿ ಬಿಡತೈತಿ.

2019ರ ಆಗಸ್ಟದಾಗ ಕೃಷ್ಣಾ ಏರಿ ಬಂದದ್ದ ನೀನೂ ಕಂಡಿ. ಬಂಗಲೆದಾವ್ರೂ ಗುಡಸಲದಾವ್ರೂ ಒಂದ ಸಾಲಿಯೊಳಗ ಮಕ್ಕೊಂಡ್ರು. ಗಂಜಿ ಬರೂದು ತಡಾ ಆದಾಗ ಹಿಂದಿನ ಓಣಿ ಮುದಕಿ ತನ್ನ ಕಟಕ ರೊಟ್ಟಿ ಗಂಟ ಬಿಚ್ಚಿದ್ಲು. ಹಿಟ್ಟ ಬೀಸೂ ಮುಂದ ದಿನಾ ಒಂದ ಮುಷ್ಟಿ ಜ್ವಾಳ ಬ್ಯಾರೆ ತಗದಿಡೂ ಹೆಂಗಸ ಅಕಿ. ಕೈ ಹಿಡದು ಬಾಳಿದಾಕಿನ ಕೈ ಬಿಚ್ಚಿ ಕೊಟ್ಲು. ನಮ್ಮಪ್ಪನ ಟ್ರಂಕ ಆಗ ಅಟ್ಟದ ಮ್ಯಾಲ ಇತ್ತು, ಯಾರಿಗೂ ನೆನಪ ಸೈತ ಆಗಲಿಲ್ಲ.

ಗಾಡಿ ಮುಂದಿನ ಹಂಗಾಮಿಗೆ ನೋಡೂಣು. ನಾಳೆ ಮುಂಜಾನೆ ನಿಮ್ಮವ್ವನ್ನ ಮಿರಜಿಗೆ ಕರಕೊಂಡ ಹೋಗು. ಬಲಗಣ್ಣಿಗೆ ಪರಿ ಬಂದೈತಿ, ಜ್ವಾಳದಾಗಿನ ಹಳ್ಳ ಕಾಣವಲ್ವು. ಖರ್ಚ ಆಗತೈತಿ ಅಂತ ನಿನಗ ಹೇಳಾಕ ಅಂಜತಾರ.