ಸೇತುವೆಯ ನಾಡಿ: ಕಂಪನದ ಪಾಠಕ್ಕೊಂದು ಪೂರಕ ಲೇಖನ

ಮಡಕೆ ಕೊಳ್ಳುವವರು ಅದನ್ನು ಬೆರಳಿನಿಂದ ತಟ್ಟಿ ನೋಡುವುದು ವಾಡಿಕೆ. ಬಿರುಕು ಕಣ್ಣಿಗೆ ಬೀಳದಿದ್ದರೂ ನಾದ ಅದನ್ನು ತಿಳಿಸಿಬಿಡುತ್ತದೆ. ಪ್ರೌಢಶಾಲೆಯಲ್ಲಿ ಕಂಪನದ ಪಾಠವನ್ನು ಇಲ್ಲಿಂದ ಆರಂಭಿಸುವುದು ಒಳಿತು. ಪ್ರತಿಯೊಂದು ರಚನೆಗೂ ತನ್ನವೇ ಆದ ಸಹಜ ಆವೃತ್ತಿಗಳಿರುತ್ತವೆ. ಅವು ಅದರ ಬಿಗಿತವನ್ನೂ ದ್ರವ್ಯರಾಶಿಯನ್ನೂ ಅವಲಂಬಿಸಿವೆ. ಬಿಗಿತ ಕುಂದಿದರೆ ಆವೃತ್ತಿ ತಗ್ಗುತ್ತದೆ. (‘ಆವೃತ್ತಿ’ ಎಂದೊಡನೆ ಪುಸ್ತಕದ ಮುದ್ರಣವನ್ನು ನೆನೆಯುವ ವಿದ್ಯಾರ್ಥಿಗಳುಂಟು. ಸೆಕೆಂಡಿಗೆ ಎಷ್ಟು ಕಂಪನ ಎಂಬ ಅರ್ಥವನ್ನು ಮೊದಲೇ ಕಪ್ಪುಹಲಗೆಯ ಮೇಲೆ ಬರೆದಿಡಬೇಕು.)

ಸೇತುವೆಯನ್ನು ಬೆರಳಿನಿಂದ ತಟ್ಟಲಾಗದು. ಆ ಕೆಲಸವನ್ನು ಗಾಳಿಯೂ ವಾಹನಗಳೂ ಎಡೆಬಿಡದೆ ಮಾಡುತ್ತಿರುತ್ತವೆ. ಕಿವಿಗೊಡುವ ಉಪಕರಣವಿದ್ದರೆ ಸಾಕು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1937ರಲ್ಲಿ ಸಂಚಾರಕ್ಕೆ ತೆರೆದ ಗೋಲ್ಡನ್ ಗೇಟ್ ತೂಗುಸೇತುವೆಯ ಮೇಲೆ, 2006ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 64 ನಿಸ್ತಂತು ಘಟಕಗಳನ್ನು ಅಳವಡಿಸಿದರು. 1280 ಮೀಟರ್ ಉದ್ದದ ನಡು ಅಂಕಣದಲ್ಲಿಯೂ ಒಂದು ಗೋಪುರದಲ್ಲಿಯೂ ಅವು ಹರಡಿದ್ದವು. ಪ್ರತಿ ಘಟಕದಲ್ಲಿ ವೇಗೋತ್ಕರ್ಷವನ್ನು ಅಳೆಯುವ ಸಂವೇದಕ, ಪುಟ್ಟ ಗಣಕ, ರೇಡಿಯೊ ಮತ್ತು ಬ್ಯಾಟರಿ ಇದ್ದವು. ಉದ್ದಕ್ಕೂ ತಂತಿ ಎಳೆಯುವ ಶ್ರಮ, ವೆಚ್ಚ ತಪ್ಪಿತು. ಆದರೆ ತಂತಿ ಸುಲಭವಾಗಿ ಮಾಡುತ್ತಿದ್ದ ಎರಡು ಕೆಲಸಗಳು ಈಗ ಕಠಿಣವಾದವು.

ಮೊದಲನೆಯದು ಕಾಲದ ಹೊಂದಾಣಿಕೆ. ಸೇತುವೆಯ ಒಂದು ಭಾಗ ಮೇಲೇರಿದಾಗ ಇನ್ನೊಂದು ಕೆಳಗಿಳಿದಿತ್ತೇ ಎಂಬುದನ್ನು ತಿಳಿಯಲು ಎಲ್ಲ ಘಟಕಗಳೂ ಒಂದೇ ಕ್ಷಣದಲ್ಲಿ ಅಳೆಯಬೇಕು. ಈ ಪ್ರಯೋಗದಲ್ಲಿ ಪ್ರತಿ ಘಟಕವೂ ಸೆಕೆಂಡಿಗೆ 1000 ಬಾರಿ ಅಳೆಯಿತು. ಅಳತೆಯ ಕ್ಷಣದಲ್ಲಿನ ಏರುಪೇರು 10 ಮೈಕ್ರೊಸೆಕೆಂಡಿಗಿಂತ ಕಡಿಮೆ. ಇದನ್ನು ತರಗತಿಯಲ್ಲಿ ತೋರಿಸುವುದು ಕಷ್ಟವಲ್ಲ. ಉದ್ದನೆಯ ಹಗ್ಗವನ್ನು ಇಬ್ಬರು ಹಿಡಿದು ಅಲುಗಾಡಿಸಲಿ. ಪಕ್ಕದಲ್ಲಿ ಎಂಟು ಮಂದಿ ಸಾಲಾಗಿ ನಿಂತು, ಚಪ್ಪಾಳೆ ಕೇಳಿದೊಡನೆ ತಮ್ಮೆದುರಿನ ಹಗ್ಗ ಮೇಲಿದೆಯೋ ಕೆಳಗಿದೆಯೋ ಎಂದು ಗುರುತು ಹಾಕಿಕೊಳ್ಳಲಿ. ಎಂಟು ಗುರುತುಗಳನ್ನು ಸೇರಿಸಿದರೆ ಅಲೆಯ ಆಕಾರ ಮೂಡುತ್ತದೆ. ಅನಂತರ ಚಪ್ಪಾಳೆಯಿಲ್ಲದೆ ತಮಗೆ ತೋಚಿದ ಕ್ಷಣದಲ್ಲಿ ಬರೆಯಲು ಹೇಳಿದರೆ ಆ ಆಕಾರ ಕಾಣದಾಗುತ್ತದೆ. ಪ್ರತಿಯೊಬ್ಬರ ಗುರುತೂ ಸರಿಯೇ, ಒಟ್ಟು ಚಿತ್ರ ಮಾತ್ರ ತಪ್ಪು!

ಎರಡನೆಯದು ಸಾಗಣೆ. ಪುಟ್ಟ ರೇಡಿಯೊದ ದನಿ ದೂರ ಹೋಗದು. ಆದ್ದರಿಂದ ಮಾಹಿತಿ ಒಂದು ಘಟಕದಿಂದ ಮತ್ತೊಂದಕ್ಕೆ ಕೈದಾಟುತ್ತ, ತುದಿಯಿಂದ 46 ನೆಗೆತಗಳಲ್ಲಿ ಕೇಂದ್ರವನ್ನು ಸೇರಿತು. ಅಷ್ಟು ದೂರದಿಂದ ಬಂದ ಮಾಹಿತಿಯ ವೇಗ ಸೆಕೆಂಡಿಗೆ 441 ಬೈಟ್ ಮಾತ್ರ. ನಡುವೆ ಕಳೆದುಹೋದ ತುಣುಕುಗಳನ್ನು ಕೇಂದ್ರವೇ ಗುರುತಿಸಿ ಮರಳಿ ಕೇಳಿ ಪಡೆಯುತ್ತಿತ್ತು.

ಇಲ್ಲೊಂದು ಲೆಕ್ಕವಿದೆ. ಯಾದೃಚ್ಛಿಕ ದೋಷ ತಗ್ಗಿಸಲು ಸೆಕೆಂಡಿನ 1000 ಅಳತೆಗಳನ್ನು ಸರಾಸರಿಯಿಂದ 50ಕ್ಕೆ ಇಳಿಸಲಾಗಿತ್ತು. ಪ್ರಯೋಗಶಾಲೆಯಲ್ಲಿ ಒಂದೇ ಉದ್ದವನ್ನು ಹಲವು ಸಲ ಅಳೆದು ಸರಾಸರಿ ತೆಗೆಯುವ ಕ್ರಮವೇ ಇದು. ಒಂದು ಅಳತೆಗೆ 2 ಬೈಟ್ ಎಂದಿಟ್ಟುಕೊಂಡು, ಒಂದೇ ದಿಕ್ಕಿನ ಕಂಪನವನ್ನು ಪರಿಗಣಿಸಿದರೂ 64 × 50 × 2, ಅಂದರೆ ಸೆಕೆಂಡಿಗೆ 6400 ಬೈಟ್. ಇದನ್ನು 441ರ ವೇಗದಲ್ಲಿ ಸಾಗಿಸಲು ಎಷ್ಟು ಹೊತ್ತು ಬೇಕು? ಹದಿನಾಲ್ಕು ಸೆಕೆಂಡಿಗೂ ಹೆಚ್ಚು. ಹೀಗಾಗಿ ಘಟಕಗಳು ಮೊದಲು ತಮ್ಮ ಸ್ಮೃತಿಯಲ್ಲಿ ದಾಖಲಿಸಿಕೊಂಡು, ಬಳಿಕ ನಿಧಾನವಾಗಿ ಕಳುಹಿಸುತ್ತಿದ್ದವು. ಉತ್ತರವನ್ನು ಹೇಳುವ ಮುನ್ನ ವಿದ್ಯಾರ್ಥಿಗಳೇ ಈ ಉಪಾಯಕ್ಕೆ ಬರಲು ಸಮಯ ಕೊಡಬೇಕು.

ಆವೃತ್ತಿ ತಗ್ಗಿದೊಡನೆ ಸೇತುವೆ ಕೆಟ್ಟಿತೆಂದು ತೀರ್ಮಾನಿಸುವಂತೆಯೂ ಇಲ್ಲ. ಬಿಸಿಲು, ಚಳಿ, ವಾಹನಗಳ ಭಾರವೂ ಅದನ್ನು ಬದಲಿಸುತ್ತವೆ. ಆದಕಾರಣ ಒಂದು ದಿನದ ದಾಖಲೆಯನ್ನು ಬೇರೆ ಬೇರೆ ಋತುಗಳ ದಾಖಲೆಗಳೊಡನೆ ಹೋಲಿಸಿಯೇ ಎಂಜಿನಿಯರುಗಳು ಸೇತುವೆಯ ಸ್ಥಿತಿಯನ್ನು ನಿರ್ಣಯಿಸುತ್ತಾರೆ.