‘ಏಳನೆಯ ಸಂಪುಟ, ಪರಿಷ್ಕೃತ’: ಒಂದು ಬೇಡಿಕೆಯ ಅರ್ಥವಿಚಾರ

ಗ್ರಂಥವನ್ನು ಓದಿ ಅರಿಯುವುದು ಒಂದು ವಿದ್ಯೆ. ಬೇಕಾದ ಗ್ರಂಥವನ್ನು ಸರಿಯಾಗಿ ಕೇಳಿ ಪಡೆಯುವುದೂ ಒಂದು ವಿದ್ಯೆಯೇ. ಈ ಎರಡನೆಯದನ್ನು ಶಾಲೆಗಳಲ್ಲಿ ಪಾಠವಾಗಿ ಹೇಳಿಕೊಡುವುದು ವಿರಳ. ಅದರ ಅಭಾವದಿಂದ ಆಗುವ ಪ್ರಮಾದವನ್ನು ಒಂದು ನಿದರ್ಶನದಿಂದ ವಿವೇಚಿಸುವುದು ಈ ಲೇಖನದ ಉದ್ದೇಶ.

ಬಳ್ಳಿಗಾವೆಯ ಕೋಡಿಯಮಠವನ್ನು ಕುರಿತು ಪ್ರಬಂಧ ಬರೆಯಹೊರಟ ವಿದ್ಯಾರ್ಥಿಯೊಬ್ಬನು ಗ್ರಂಥಾಲಯಕ್ಕೆ ಹೋಗಿ, ‘ಎಪಿಗ್ರಾಫಿಯ ಕರ್ನಾಟಿಕ, ಸಂಪುಟ 7, ಪರಿಷ್ಕೃತ’ ಎಂದು ಚೀಟಿ ಬರೆದುಕೊಟ್ಟನೆಂದು ಭಾವಿಸಬಹುದು. ಅವನಿಗೆ ಬೇಕಾದುದು 1162ರ ಶಾಸನ. ಆ ಕಾಳಾಮುಖ ಮಠದಲ್ಲಿ ವೇದಗಳೂ ನಾನಾ ವ್ಯಾಕರಣಗಳೂ ಪಠಿಸಲ್ಪಡುತ್ತಿದ್ದುವು, ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುವು ಎಂದು ಅದು ವರ್ಣಿಸುತ್ತದೆ. ಮಠವೊಂದು ವಿದ್ಯಾಲಯವೂ ಅನ್ನಸತ್ರವೂ ಆಗಿದ್ದುದಕ್ಕೆ ಇಂತಹ ಸಾಕ್ಷ್ಯ ಅಪೂರ್ವವಾದುದು. ಆದರೆ ಗ್ರಂಥಪಾಲಕನು ತಂದುಕೊಟ್ಟ ಸಂಪುಟದಲ್ಲಿ ನಾಗಮಂಗಲ, ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಶಾಸನಗಳಿವೆ. ಬಳ್ಳಿಗಾವೆಯ ಒಂದು ಶಾಸನವೂ ಇಲ್ಲ. ಚೀಟಿಯಲ್ಲಿದ್ದ ಅಕ್ಷರಗಳಿಗೆ ಗ್ರಂಥಪಾಲಕನು ನ್ಯಾಯವನ್ನೇ ಒದಗಿಸಿದ್ದಾನೆ. ಹಾಗಾದರೆ ತಪ್ಪು ಎಲ್ಲಿದೆ?

ತಪ್ಪಿನ ಮೂಲ ಸಂಪುಟಗಳ ಇತಿಹಾಸದಲ್ಲಿದೆ. ಬಿ. ಎಲ್. ರೈಸ್ ಅವರು 1886ರಿಂದ ಮೊದಲ್ಗೊಂಡು ಹನ್ನೆರಡು ಸಂಪುಟಗಳಲ್ಲಿ ಶಾಸನಗಳನ್ನು ಜಿಲ್ಲೆ ಮತ್ತು ತಾಲ್ಲೂಕುಗಳ ಕ್ರಮದಲ್ಲಿ ಪ್ರಕಟಿಸಿದರು. ಅದರಲ್ಲಿ 1902ರ ಏಳನೆಯ ಸಂಪುಟವು ಶಿವಮೊಗ್ಗ ಜಿಲ್ಲೆಯ ಮೊದಲ ಭಾಗ. ಬಳ್ಳಿಗಾವೆಯನ್ನೊಳಗೊಂಡ ಶಿಕಾರಿಪುರ ತಾಲ್ಲೂಕು ಅಲ್ಲಿದೆ. ಕೋಡಿಯಮಠದ ಆ ಶಾಸನಕ್ಕೆ ಅಲ್ಲಿ ಶಿಕಾರಿಪುರ 102 ಎಂಬ ಸಂಖ್ಯೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಲ್ಲಿ ಪರಿಷ್ಕೃತ ಆವೃತ್ತಿಯನ್ನು ಆರಂಭಿಸಿದಾಗ ಪಾಠಗಳನ್ನು ತಿದ್ದಿ, ಹೊಸ ಶಾಸನಗಳನ್ನು ಸೇರಿಸಿದುದಲ್ಲದೆ ಸಂಪುಟಗಳ ವಿಭಜನೆಯನ್ನೇ ಬದಲಿಸಿತು. ಮಂಡ್ಯವು 1939ರಲ್ಲಿ ಪ್ರತ್ಯೇಕ ಜಿಲ್ಲೆಯಾಗಿತ್ತು. ಹೊಸ ಯೋಜನೆಯಲ್ಲಿ ಆರು ಮತ್ತು ಏಳನೆಯ ಸಂಪುಟಗಳು ಆ ಜಿಲ್ಲೆಯ ಪಾಲಿಗೆ ಬಂದುವು. ಕಾಳಿಯೆಂಬ ಬೇಟೆನಾಯಿಯ ಸ್ಮರಣೆಯಿಂದ ಪ್ರಸಿದ್ಧವಾದ ಆತಕೂರಿನ ಶಾಸನವು ರೈಸರ ಮೂರನೆಯ ಸಂಪುಟದಿಂದ ಪರಿಷ್ಕೃತ ಏಳನೆಯದಕ್ಕೆ ಸರಿಯಿತು. ಸಂಖ್ಯೆ ಒಂದೇ ಆದರೂ ಒಡಲು ಬೇರೆಯಾಯಿತು.

‘ಪರಿಷ್ಕೃತ’ ಎಂಬ ಮಾತೂ ಏಕಾರ್ಥವುಳ್ಳದ್ದಲ್ಲ. ಶ್ರವಣಬೆಳಗೊಳದ ಎರಡನೆಯ ಸಂಪುಟವು 1889ರಲ್ಲಿ ಪ್ರಕಟವಾಗಿ, ಆರ್. ನರಸಿಂಹಾಚಾರ್ಯರಿಂದ 1923ರಲ್ಲಿ ಪರಿಷ್ಕೃತವಾಯಿತು. ಮುಂದೆ 1973ರಲ್ಲಿ ಸಂಸ್ಥೆಯ ಆವೃತ್ತಿ ಹೊರಬಂದಿತು. ವರ್ಷವನ್ನು ಹೇಳದೆ ‘ಪರಿಷ್ಕೃತ’ ಎಂದರೆ ಇವೆರಡರಲ್ಲಿ ಯಾವುದು? ಇನ್ನು ಪುರವಣಿ ಸಂಪುಟಗಳು ಬೇರೆ. ಅವು ಹಳೆಯದನ್ನು ತಿದ್ದಲಿಲ್ಲ, ಅದಕ್ಕೆ ಸೇರಿಸಿದುವು.

ಈ ತೊಡಕು ಶಾಸನಗಳಿಗಷ್ಟೇ ಸೀಮಿತವಲ್ಲ. ರಾಜ್ಯ ಸರಕಾರವು 1993ರಲ್ಲಿ ಹದಿನೈದು ಸಂಪುಟಗಳಲ್ಲಿ ಹೊರತಂದ ಸಮಗ್ರ ವಚನ ಸಾಹಿತ್ಯವು 2001ರಲ್ಲಿ ಪರಿಷ್ಕೃತವಾಗಿ ಮತ್ತೆ ಪ್ರಕಟವಾಯಿತು. ಅದರಲ್ಲಿ ‘ವಚನ ಸಂಪುಟ ಎರಡು’ ಎಂದು ಕೇಳಿದವನಿಗೆ ಅಲ್ಲಮನ ವಚನಗಳು ದೊರೆಯಬಹುದು. ಸಂಕೀರ್ಣ ವಚನ ಸಂಪುಟ ಎರಡೂ ದೊರೆಯಬಹುದು. ಆದರೆ ಈ ಸಂಕೀರ್ಣ ಸಂಪುಟ ಎರಡು ಸಮಗ್ರ ಮಾಲೆಯಲ್ಲಿ ಏಳನೆಯದು. ಮಾಲೆಯೊಳಗೊಂದು ಉಪಮಾಲೆಯಿದ್ದಾಗ ಒಂದೇ ಪುಸ್ತಕಕ್ಕೆ ಎರಡು ಸಂಖ್ಯೆಗಳು ಸಲ್ಲುತ್ತವೆ.

ಆದುದರಿಂದ ಸಂದಿಗ್ಧವಾದ ಬೇಡಿಕೆ ಬಂದಾಗ ಅನುಸರಿಸಬೇಕಾದ ಕ್ರಮ ಸ್ಪಷ್ಟವಾಗಿದೆ. ಮೊದಲು, ಓದುಗನಿಗೆ ಬೇಕಾದ ವಿಷಯ ಯಾವುದೆಂದು ಕೇಳಬೇಕು. ‘ಏಳನೆಯ ಸಂಪುಟ’ ಎಂಬುದಕ್ಕಿಂತ ‘ಬಳ್ಳಿಗಾವೆ’ ಎಂಬ ಒಂದು ಮಾತು ಹೆಚ್ಚು ಬೆಳಕು ನೀಡುತ್ತದೆ. ಎರಡನೆಯದಾಗಿ, ಆ ಸಂಖ್ಯೆ ಅವನಿಗೆ ಎಲ್ಲಿಂದ ದೊರೆಯಿತೆಂದು ವಿಚಾರಿಸಬೇಕು. 1972ಕ್ಕಿಂತ ಹಿಂದಿನ ಗ್ರಂಥದ ಅಡಿಟಿಪ್ಪಣಿಯಿಂದ ಬಂದುದಾದರೆ ಅದು ಸಂಸ್ಥೆಯ ಆವೃತ್ತಿಯನ್ನು ಸೂಚಿಸಲಾರದು. ಮೂರನೆಯದಾಗಿ, ಸಂಪಾದಕರ ಹೆಸರು ಮತ್ತು ಪ್ರಕಟಣೆಯ ವರ್ಷವನ್ನು ಮುಖಪುಟದೊಡನೆ ಹೋಲಿಸಿ ನೋಡಬೇಕು. ಗಣಕಯಂತ್ರದ ಸೂಚಿಯಲ್ಲಿ ಹುಡುಕುವವರಿಗೂ ಇದೇ ನಿಯಮ. ಯಂತ್ರವು ಅಕ್ಷರಗಳನ್ನು ಹೊಂದಿಸಿಕೊಡಬಹುದು, ಕೇಳುವವನ ಉದ್ದೇಶವನ್ನು ಅವನೇ ತಿಳಿಸಬೇಕು.

ಇದರಿಂದ ಅಧ್ಯಾಪಕರಿಗೂ ದಾನಿಗಳಿಗೂ ಒಂದು ಸೂಚನೆ ದೊರೆಯುತ್ತದೆ. ಪರಿಷ್ಕೃತ ಸಂಪುಟ ಬಂದಿತೆಂದು ಹಳೆಯದನ್ನು ಕಪಾಟಿನಿಂದ ತೆಗೆದುಹಾಕುವುದು ಉಚಿತವಲ್ಲ. ಹಿಂದಿನ ವಿದ್ವಾಂಸರು ಉಲ್ಲೇಖಿಸಿದ ಸಂಖ್ಯೆಗಳೆಲ್ಲ ಆ ಹಳೆಯ ಪುಟಗಳಿಗೇ ದಾರಿ ತೋರುತ್ತವೆ; ಅವು ಹೋದರೆ ದಾರಿಯೂ ಹೋಗುತ್ತದೆ. ಗ್ರಂಥಮಾಲೆಯನ್ನು ದಾನವಾಗಿ ನೀಡುವವರು ಯಾವ ಆವೃತ್ತಿಯೆಂಬುದನ್ನು ನೋಡಿ ನೀಡಿದರೆ, ಶಾಲೆಯವರು ಅದನ್ನು ಸೂಚಿಯಲ್ಲಿ ಬರೆದಿಟ್ಟರೆ, ಮುಂದೆ ಬರುವ ವಿದ್ಯಾರ್ಥಿಯ ಶ್ರಮ ಸಾರ್ಥಕವಾಗುತ್ತದೆ. ಶತಮಾನಗಳ ಹಿಂದೆ ಅನ್ನವನ್ನೂ ಅರಿವನ್ನೂ ಒಂದೇ ಸೂರಿನಡಿ ಹಂಚಿದ ಕೋಡಿಯಮಠದ ಶಾಸನವು ಅದನ್ನು ಅರಸಿ ಬಂದ ಬಾಲಕನ ಕೈಗೆ ತಪ್ಪದೆ ಸೇರುವುದು.