ಒಂದು ಪುಟ, ಹಲವು ಕೈಗಳು

ಬೈಲಹೊಂಗಲ, ಸವದತ್ತಿ, ರಾಮದುರ್ಗ ಹಾಗೂ ಬೈಲಹೊಂಗಲದಿಂದ ಬೇರ್ಪಟ್ಟು ತಾಲ್ಲೂಕಾದ ಕಿತ್ತೂರು, ಈ ಸೀಮೆಯ ರೈತನಿಗೆ ಹೊಲದಷ್ಟೇ ಮುಖ್ಯವಾದುದು ಅದರ ಉತಾರ. ಒಡೆಯನಾರು, ಕ್ಷೇತ್ರವೆಷ್ಟು, ಸಾಲದ ಬೋಜಾ ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಹಿಂದೆ ಈ ದಾಖಲೆ ತಲಾಠಿಯ ದಫ್ತರದಲ್ಲಿತ್ತು. ಪುಸ್ತಕವೂ ಒಂದೇ, ಲೇಖನಿಯೂ ಒಂದೇ. ಇಬ್ಬರು ಏಕಕಾಲಕ್ಕೆ ಒಂದೇ ಪುಟವನ್ನು ತಿದ್ದುವ ಪ್ರಸಂಗವೇ ಇರಲಿಲ್ಲ. (ಬೇರೆ ಬಗೆಯ ತಿದ್ದುಪಡಿಗಳ ಮಾತು ಬೇರೆ.) 2000ದ ಸುಮಾರಿಗೆ ಕರ್ನಾಟಕ ಸರ್ಕಾರವು ‘ಭೂಮಿ’ ಯೋಜನೆಯ ಮೂಲಕ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಗಣಕಯಂತ್ರದ ಪುಟವನ್ನು ಹಲವರು ಒಟ್ಟಿಗೆ ತೆರೆಯಬಲ್ಲರು. ಅಪಾಯವೂ ಅಲ್ಲಿಯೇ ಹುಟ್ಟುತ್ತದೆ.

ಒಬ್ಬ ನೌಕರನು ಬ್ಯಾಂಕಿನ ಸಾಲವನ್ನು ದಾಖಲಿಸಲು ಒಂದು ಪುಟವನ್ನು ತೆರೆದನೆಂದೂ, ಅದೇ ಗಳಿಗೆಯಲ್ಲಿ ಇನ್ನೊಬ್ಬನು ಅಣ್ಣತಮ್ಮಂದಿರ ಹಿಸ್ಸೆಯನ್ನು ಬರೆಯಲು ಅದನ್ನೇ ತೆರೆದನೆಂದೂ ಭಾವಿಸಬಹುದು. ಇಬ್ಬರೂ ಕಂಡದ್ದು ಹಳೆಯ ಪುಟ. ಮೊದಲನೆಯವನು ಸಾಲವನ್ನು ಬರೆದು ಉಳಿಸಿದನು. ಎರಡನೆಯವನು ತಾನು ಕಂಡ ಹಳೆಯ ಪುಟದಲ್ಲಿಯೇ ಹಿಸ್ಸೆಯನ್ನು ಬರೆದು, ಮೊದಲಿನದರ ಮೇಲೆ ಉಳಿಸಿದನು. ಸಾಲ ಮಾಯವಾಯಿತು! ಯಾರೂ ಸುಳ್ಳು ಬರೆಯಲಿಲ್ಲ. ದಾಖಲೆ ಮಾತ್ರ ಸುಳ್ಳಾಯಿತು. ನಾಳೆ ಆ ಹೊಲವನ್ನು ಕೊಂಡವನ ಗತಿಯೇನು? ಆದುದರಿಂದ ಒಬ್ಬನು ತಿದ್ದಿ ಮುಗಿಸುವವರೆಗೆ ಪುಟಕ್ಕೆ ಬೀಗ ಹಾಕಿ, ಇನ್ನೊಬ್ಬನನ್ನು ಹೊರಗೆ ನಿಲ್ಲಿಸಬೇಕಾಗುತ್ತದೆ.

ಗಣಕಯಂತ್ರದ ಅಂತರಂಗದಲ್ಲಿಯೂ ಇಂತಹ ದಫ್ತರವೊಂದುಂಟು. ಯಂತ್ರದ ಕೆಲಸಗಳನ್ನೆಲ್ಲ ಆಳುವ ತಂತ್ರಾಂಶದ ತಿರುಳಿಗೆ ‘ಕರ್ನೆಲ್’ ಎಂದು ಹೆಸರು. ನಡೆಯುತ್ತಿರುವ ಪ್ರತಿಯೊಂದು ಕಾರ್ಯಕ್ಕೂ, ಅಂದರೆ ‘ಪ್ರೊಸೆಸ್’ಗೂ, ಅದು ಒಂದು ಪುಟವನ್ನು ತೆರೆದು ಕ್ರಮಸಂಖ್ಯೆ, ಒಡೆಯ, ಅಧಿಕಾರ, ಬಳಸುತ್ತಿರುವ ಕಡತಗಳು ಇವನ್ನು ಬರೆದಿಡುತ್ತದೆ. ಯಂತ್ರದ ಹಲವು ಸಂಸ್ಕಾರಕಗಳು ಈ ಪುಟಗಳನ್ನು ಒಟ್ಟಿಗೆ ತಿರುವಿಹಾಕುತ್ತಿರುತ್ತವೆ.

ಒಂದು ವೇಳೆಗೆ ಒಬ್ಬರನ್ನೇ ಒಳಬಿಡುವ ಬಗೆಯನ್ನು ಡಚ್ ವಿಜ್ಞಾನಿ ಡೈಕ್‌ಸ್ಟ್ರಾ 1965ರಲ್ಲಿಯೇ ತೋರಿಸಿಕೊಟ್ಟಿದ್ದರು. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನೆಲ್, 1996ರಲ್ಲಿ ಹಲವು ಸಂಸ್ಕಾರಕಗಳ ಯಂತ್ರಗಳಿಗೆ ಸಿದ್ಧವಾದಾಗ, ಇಡೀ ದಫ್ತರಕ್ಕೆ ಒಂದೇ ದೊಡ್ಡ ಬೀಗವನ್ನು ಹಾಕಿತ್ತು. ಕ್ಷೇಮವೇನೋ ಹೌದು; ಆದರೆ ಒಬ್ಬನ ಹಿಸ್ಸೆ ಮುಗಿಯುವ ತನಕ ಊರಿಗೆ ಊರೇ ಕಾದು ನಿಂತಂತೆ. ಬೇರೆಬೇರೆ ಭಾಗಗಳಿಗೆ ಚಿಕ್ಕಚಿಕ್ಕ ಬೀಗಗಳನ್ನು ಮಾಡುತ್ತ ಬಂದು, ಆ ದೊಡ್ಡ ಬೀಗವನ್ನು ಪೂರ್ತಿ ಕಳಚುವಾಗ 2011 ಆಗಿತ್ತು.

ಓದುವವರು ಬಹಳ, ತಿದ್ದುವವರು ವಿರಳ ಎಂಬಲ್ಲಿ ಇನ್ನೂ ಸೊಗಸಾದ ಉಪಾಯವುಂಟು. ಲಿನಕ್ಸ್ ಅದನ್ನು 2002ರಲ್ಲಿ ಸ್ವೀಕರಿಸಿತು. ತಿದ್ದುವವನು ಹಳೆಯ ಪುಟವನ್ನು ಮುಟ್ಟುವುದೇ ಇಲ್ಲ; ಅದರ ನಕಲನ್ನು ತೆಗೆದು, ನಕಲನ್ನು ತಿದ್ದಿ, ಪುಟ ಎಲ್ಲಿದೆಯೆಂದು ತೋರಿಸುವ ಸೂಚಿಯನ್ನು ಒಮ್ಮೆಲೇ ಹೊಸದರತ್ತ ತಿರುಗಿಸುತ್ತಾನೆ. ಆಗಲೇ ಓದತೊಡಗಿದ್ದವನಿಗೆ ಹಳೆಯದು ಇಡಿಯಾಗಿ ಕಾಣುತ್ತದೆ, ಅನಂತರ ಬಂದವನಿಗೆ ಹೊಸದು ಇಡಿಯಾಗಿ ಕಾಣುತ್ತದೆ. ಅರ್ಧ ತಿದ್ದಿದ ಪುಟ ಯಾರ ಕಣ್ಣಿಗೂ ಬೀಳದು. ಹಳೆಯ ಪುಟದ ಕೊನೆಯ ಓದುಗನು ಹೊರಟ ಮೇಲೆಯೇ ಅದನ್ನು ಅಳಿಸಲಾಗುತ್ತದೆ. ಪ್ರೊಸೆಸ್‌ನ ಅಧಿಕಾರವನ್ನು ಲಿನಕ್ಸ್ ಬದಲಾಯಿಸುವುದು ಹೀಗೆಯೇ. ತಿದ್ದುವವರೇ ಇಬ್ಬರಾದಲ್ಲಿ, ಅವರ ನಡುವೆ ಬೀಗ ಬೇಕೇ ಬೇಕು.

ಎಚ್ಚರ ತುಸು ತಪ್ಪಿದರೂ ಕೇಡು ದೊಡ್ಡದು. ಏಕಕಾಲಕ್ಕೆ ನಡೆಯುವ ಎರಡು ಕೆಲಸಗಳ ಸಂದಿನಲ್ಲಿ ನುಸುಳಿ, ಓದಲಷ್ಟೇ ಅನುಮತಿಯುಳ್ಳವನು ಕಡತವನ್ನು ತಿದ್ದಿಬಿಡಬಹುದಾದ ‘ಡರ್ಟಿ ಕೌ’ ಎಂಬ ದೋಷವು ಲಿನಕ್ಸ್‌ನಲ್ಲಿ 2007ರಿಂದ ಉಳಿದುಕೊಂಡಿದ್ದು, 2016ರಲ್ಲಿ ಸರಿಹೋಯಿತು. ಇಂತಹ ದೋಷಗಳನ್ನು ಹಿಡಿಯುವುದು ಕಷ್ಟ. ಎರಡು ಕೈಗಳು ಒಂದೇ ಗಳಿಗೆಗೆ ಕೂಡಿದಾಗ ಮಾತ್ರ ಅವು ತಲೆದೋರುತ್ತವೆ. ಪರೀಕ್ಷಿಸುವ ಹೊತ್ತಿನಲ್ಲಿ ಆ ಗಳಿಗೆ ಒದಗಿ ಬರುವುದು ಅಪರೂಪ.